ಕರಡಿ ಬೀಳುವ ಚೆಂದ

ಒಂದು ಕಣ್ಣು ಮುಚ್ಚದೆ ಅವರು ಯಾವುದನ್ನೂ ನೋಡಿದವರಲ್ಲ. ಪರದೆಯ ಮೇಲಿನ ಚಿತ್ರವಿರಲಿ, ಕ್ಯಾಂಟೀನಿನ ಚಹಾ ಇರಲಿ, ಹೊಸದಾಗಿ ಕೆಲಸಕ್ಕೆ ಸೇರಿದವರ ಮುಖವಿರಲಿ, ತಲೆಯನ್ನು ಭುಜದತ್ತ ವಾಲಿಸಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಲ್ಲಿ ಅಳೆದು ನೋಡಿ, ಆಮೇಲೆ ‘ಹೂಂ’ ಎನ್ನುವರು. ಆ ‘ಹೂಂ’ ಮೆಚ್ಚುಗೆಯೋ ತಿರಸ್ಕಾರವೋ ಎಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು. ಬೆನ್ನ ಹಿಂದೆ ನಾವೆಲ್ಲ ಅವರನ್ನು ಒಕ್ಕಣ್ಣಕ್ಕ ಎನ್ನುತ್ತಿದ್ದೆವು; ಅದು ಅವರಿಗೂ ಗೊತ್ತಿತ್ತು.

ಮಕ್ಕಳಿಗೆ ಲೆಕ್ಕ ಕಲಿಸುವ ವಿಡಿಯೋ ಗೇಮುಗಳನ್ನು ಮಾಡುವ ಕಚೇರಿ ನಮ್ಮದು. ಲೆಕ್ಕ ಬರೆಯುವವನು ನಾನು, ಚಿತ್ರ ಬರೆಯುವವರು ಅವರು. ಮೊಣಕೈ ಸವೆದ ಬೂದು ಕೋಟಿನ ಜೇಬಿನ ತುಂಬ ಪೆನ್ಸಿಲ್ ಚೂರುಗಳು. ಎಲ್ಲರೂ ಕಂಪ್ಯೂಟರಿನಲ್ಲೇ ಬರೆಯುವ ಕಾಲ ಬಂದರೂ ಮೊದಲ ಗೆರೆ ಕಾಗದದ ಮೇಲೆಯೇ ಬೀಳಬೇಕೆಂಬ ಹಟ. ನನ್ನ ಲೆಕ್ಕಗಳ ಬಗ್ಗೆ ಅವರಿಗೆ ಹೇಳಿಕೊಳ್ಳುವಂಥ ಗೌರವವೇನೂ ಇರಲಿಲ್ಲ. “ನಿಮ್ಮ ಕೂಡೋದು ಕಳೆಯೋದು ನೋಡೋಕೆ ಯಾವ ಮಗು ಬರುತ್ತೆ ಸ್ವಾಮಿ? ನನ್ನ ಕರಡಿ ನೋಡೋಕೆ ಬರುತ್ತೆ,” ಎನ್ನುವರು.

ಆಟದಲ್ಲಿ ಆ ಕರಡಿ ಹೊಳೆ ದಾಟಬೇಕು. ಲೆಕ್ಕ ಸರಿಯಾದರೆ ಸೇತುವೆಗೆ ಹಲಗೆಗಳು ಕೂಡಿಕೊಂಡು ಅದು ಆಚೆ ದಡ ಸೇರುತ್ತದೆ, ತಪ್ಪಾದರೆ ನೀರಿಗೆ ಬೀಳುತ್ತದೆ. ಬೀಳುವುದನ್ನು ಅವರು ತಿಂಗಳುಗಟ್ಟಲೆ ಕೂತು ಬರೆದರು: ಗಾಳಿಯಲ್ಲಿ ಒದ್ದಾಡುವ ಕಾಲು, ಬೆಳ್ಳಗೆ ಎದ್ದು ಉದುರುವ ನೀರು, ಕಡೆಗೆ ತಲೆಯ ಮೇಲೊಂದು ಮೀನು ಹೊತ್ತು ಮೇಲೇಳುವ ಪೆಚ್ಚುಮುಖ. ಅವರ ಕೈಯಿಂದ ಅಷ್ಟು ಒಳ್ಳೆಯದು ಮತ್ತೊಂದು ಬಂದಿರಲಿಲ್ಲ. ಲೆಕ್ಕವೆಂದರೆ ಹೊಟ್ಟೆನೋವೆಂದು ಮಲಗಿಬಿಡುವ ಮೊಮ್ಮಗಳಿಗಾಗಿಯೇ ಬರೆದದ್ದೆಂದು ಒಮ್ಮೆ ನನ್ನಲ್ಲಿ ಹೇಳಿದ್ದರು.

ಒಂದು ಮಧ್ಯಾಹ್ನ ಆ ಮೊಮ್ಮಗಳನ್ನು ಕಚೇರಿಗೆ ಕರೆತಂದು ಆಟಕ್ಕೆ ಕೂರಿಸಿದರು. ಹುಡುಗಿ ಬಿದ್ದು ಬಿದ್ದು ನಕ್ಕಳು. ಅಜ್ಜಿಯ ಮುಖ ಅರಳಿತು. ಅಂಕ ನೋಡುತ್ತಿದ್ದ ನನ್ನ ಮುಖ ಮಾತ್ರ ಸಪ್ಪಗಾಯಿತು. ಒಂದು ಉತ್ತರವೂ ಸರಿಯಿರಲಿಲ್ಲ.

“ಒಂದಾದ್ರೂ ಸರಿ ಒತ್ತೇ ಪುಟ್ಟಿ,” ಎಂದರು ಅಜ್ಜಿ.

“ಸರಿ ಒತ್ತಿದ್ರೆ ಕರಡಿ ಬೀಳಲ್ವಲ್ಲ ಅಜ್ಜಿ!”

ಬೀಳುವುದನ್ನು ತೆಗೆದು ಕೆಂಪು ತಪ್ಪುಗುರುತು ಹಾಕಿಬಿಡೋಣ ಎಂದೆ ನಾನು. ಅವರು ಒಂದು ಕಣ್ಣು ಮುಚ್ಚಿ ನನ್ನನ್ನು ನೋಡಿ, “ಅದನ್ನ ನೋಡೋಕೆ ಸ್ಕೂಲಿದೆಯಲ್ಲ,” ಎಂದರು. ಅವರಿಗೆ ನೋವಾಗಿತ್ತು, ನೋಡಿ ನನಗೂ ಕೆಡುಕೆನಿಸಿತು.

ಮುಂದಿನ ವಾರದ ಹೊತ್ತಿಗೆ ಕರಡಿಯ ನಡತೆಯೇ ಬದಲಾಗಿತ್ತು. ಉತ್ತರ ತಪ್ಪಾದರೆ ಅದು ಬೀಳುವುದಿಲ್ಲ. ಈಚೆ ದಡದಲ್ಲಿ ನಮಗೆ ಬೆನ್ನು ಹಾಕಿ ಕೂರುತ್ತದೆ, ಅಷ್ಟೆ. ಸರಿಯಾದರೆ ಸೇತುವೆಯ ನಟ್ಟನಡುವೆ ಬಂದು ತಾನೇ ಧುಮುಕುತ್ತದೆ, ಅದೇ ಕಾಲು, ಅದೇ ನೀರು, ಅದೇ ಮೀನು. “ಆ ಬೆನ್ನು ಬರೆಯೋದೇ ಕಷ್ಟ ಆಯ್ತು. ಎಷ್ಟು ಸಲ ಬರೆದ್ರೂ ಚೆನ್ನಾಗಿಬಿಡ್ತಿತ್ತು,” ಎಂದರು.

ಮೊಮ್ಮಗಳು ಮತ್ತೆ ಬಂದಳು. ಒಂದೆರಡು ಸಲ ಕರಡಿಯ ಬೆನ್ನು ನೋಡಿ ಮುಖ ಗಂಟು ಹಾಕಿಕೊಂಡಳು. ಆಮೇಲೆ ಬೆರಳು ಮಡಿಸಿ ಎಣಿಸತೊಡಗಿದಳು. ಅಜ್ಜಿ ಪರದೆಯತ್ತ ತಿರುಗಲೇ ಇಲ್ಲ. ಎರಡೂ ಕಣ್ಣು ತೆರೆದು ಆ ಬೆರಳುಗಳನ್ನೇ ನೋಡುತ್ತಿದ್ದರು.

ಚೆಂದವಾಗಿ ಬರೆಯಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ತಮ್ಮ ಕೈಯೇ ಒಪ್ಪದಿದ್ದರೂ ಬಿಡದೆ, ಮಗುವೊಂದು ತಾನಾಗಿ ಮುಂದೆ ಹೆಜ್ಜೆಯಿಡಲೆಂದು ಒಂದು ಬೆನ್ನನ್ನು ಬೇಕೆಂದೇ ಸಪ್ಪೆಯಾಗಿ ಬರೆಯುವವರು ವಿರಳ. ಆ ಬೆನ್ನನ್ನು ಯಾರೂ ಮೆಚ್ಚುವುದಿಲ್ಲ. ಮೆಚ್ಚಬಾರದೆಂದೇ ಅವರು ಅಷ್ಟು ಕಷ್ಟಪಟ್ಟದ್ದು.