ಮಾದರಿ ಪಾಠ

ಪರಿಶೀಲನೆಗೆ ಬರುವ ಸಾಹೇಬರ ಕುರ್ಚಿಗೆ ಬಿಳಿ ಟವೆಲ್ ಹೊದಿಸಬೇಕೋ ಹಸಿರು ಟವೆಲ್ಲೋ ಎಂಬುದು ತೆಲಂಗಾಣದ ಗಡಿಯ ಮಕ್ತಲ್ ಹತ್ತಿರದ ಆ ಸರ್ಕಾರಿ ಶಾಲೆಯ ಇತಿಹಾಸದಲ್ಲೇ ಅತಿ ಗಹನವಾದ ಪ್ರಶ್ನೆಯಾಗಿತ್ತು. ಹೆಡ್‌ಮಾಸ್ತರ ಹರಿಕೃಷ್ಣ ಅದಕ್ಕೆ ಇಡೀ ಮುಂಜಾನೆ ಕೊಟ್ಟರು. ಬಿಳಿ ಗೆದ್ದಿತು. ಉಳಿದ ಪ್ರಶ್ನೆ ಸಣ್ಣದು: ಒಂದನೆಯ ತರಗತಿಯ ಮಕ್ಕಳನ್ನು ಎಲ್ಲಿ ಬಚ್ಚಿಡುವುದು?

ಆ ಮಕ್ಕಳು ನೇಕಾರರ ಓಣಿಯವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಬಂದ ಹೊಸದರಲ್ಲಿ ಬಾಯಿಗೆ ಬೀಗ ಜಡಿದುಕೊಂಡು ಕೂತಿದ್ದರು. ನರ್ಮದಾಳನ್ನು ತಾತ್ಕಾಲಿಕ ಟೀಚರಾಗಿ ತೆಗೆದುಕೊಂಡದ್ದೇ ಅದಕ್ಕೆ. ಅವಳು ಮೊದಲು ಕನ್ನಡದಲ್ಲಿ ಮಾತಾಡಿಸಿ, ಕತೆ ಹೇಳಿಸಿ, ಆಮೇಲೆ ಮೆಲ್ಲಗೆ ತೆಲುಗಿಗೆ ದಾಟಿಸುತ್ತಿದ್ದಳು. ಇದು ಮುಂದಿನ ವರ್ಷವೂ ನಡೆಯಬೇಕೋ ಬೇಡವೋ ಎಂದು ನೋಡಲಿಕ್ಕೇ ಸಾಹೇಬರು ಬರುತ್ತಿದ್ದುದು.

"ಮೇಡಂ, ನಿಮ್ಮ ಹುಡುಗ್ರು ಹಿತ್ತಲದಾಗ ಗಿಡಕ್ಕ ನೀರು ಹಾಕ್ಲಿ. ಪಾಠಕ್ಕ ಮೂರನೇ ಕ್ಲಾಸಿನ ತೆಲುಗು ಹುಡುಗ್ರನ್ನ ಕುಂದ್ರಸ್ತೀನಿ," ಎಂದರು ಹರಿಕೃಷ್ಣ.

"ಸಾರ್, ಅವರಿಗೆ ಈ ಪಾಠ ಬೇಕಾಗೇ ಇಲ್ಲಲ್ರೀ?"

"ಅದಕ್ಕ ಚಂದ ಬರತೈತಿ. ನಿಮ್ಮವ್ರು ತಡವರಿಸಿದ್ರ ನನ್ನ ಇಜ್ಜತ್ ಏನಾಗಬೇಕು?"

ನರ್ಮದಾ ತನ್ನ ಮಕ್ಕಳ ಕೈಗೆ ಚೊಂಬು ಕೊಟ್ಟು ಹಿತ್ತಲಿಗೆ ಕಳಿಸಿದಳು. ಅವಳ ಕೆಲಸ ನಿಂತಿದ್ದು ಹರಿಕೃಷ್ಣರ ಸಹಿಯ ಮೇಲೆ.

ಪಾಠ ಚಂದವೇ ಬಂತು. ಅವಳು ಚಿತ್ರ ಎತ್ತಿ ಕನ್ನಡದಲ್ಲಿ ಕೇಳಿ ಮುಗಿಸುವ ಮೊದಲೇ ಹುಡುಗರು ತೆಲುಗಿನಲ್ಲಿ ಉತ್ತರ ಕೂಗುತ್ತಿದ್ದರು. ನವಿಲಿನ ಚಿತ್ರ ಎತ್ತಿದಾಗ ಮಾತ್ರ ಉತ್ತರ ಕಿಟಕಿಯಿಂದ ಬಂತು. "ನೆಮಲಿ!" ಒದ್ದೆ ಕೈಯಲ್ಲಿ ಸರಳು ಹಿಡಿದು ನಿಂತಿದ್ದ ಒಂದನೆಯ ತರಗತಿಯ ಮೌನಿಕಾ ಅಷ್ಟಕ್ಕೇ ಬಿಡಲಿಲ್ಲ. ತನ್ನಪ್ಪ ಗದ್ವಾಲ್ ಸೀರೆಯ ಸೆರಗಿಗೆ ಅದನ್ನೇ ನೇಯುತ್ತಾನೆಂದು ತೆಲುಗಿನಲ್ಲೇ ಹೇಳಿದಳು. ಶಾಲೆಯಲ್ಲಿ ಅವಳಾಡಿದ ಮೊದಲ ಪೂರಾ ತೆಲುಗು ವಾಕ್ಯ ಅದು.

"ಯಾರಕಿ?" ಎಂದರು ಸಾಹೇಬರು.

"ಬ್ಯಾರೆ ಸಾಲಿಯಾಕಿ ಸಾರ್," ಎಂದರು ಹರಿಕೃಷ್ಣ, ಕಣ್ಣು ಮಿಟುಕಿಸದೆ.

ನರ್ಮದಾಳಿಗೆ ತಡೆಯಲಾಗಲಿಲ್ಲ. "ಇಲ್ರೀ, ನನ್ನ ಕ್ಲಾಸಿನಾಕಿ. ನೇಕಾರ ಸಾಯಣ್ಣನ ಮಗಳು. ಮೊನ್ನಿ ತನಕ ಪಿಟ್ ಅಂತಿರಲಿಲ್ರೀ!"

ಸಾಹೇಬರು ಬಿಳಿ ಟವೆಲ್ಲಿಗೆ ಒರಗಿ ನಕ್ಕರು. "ಎಷ್ಟು ಚಂದ ತೆಲುಗು ಮಾತಾಡ್ತಾಳ! ಒಳಗಿನವ್ರಿಗೂ ಬರತೈತಿ, ಹೊರಗಿನಾಕಿಗೂ ಬರತೈತಿ. ಮತ್ತ ಕನ್ನಡದ ಮೇಡಂ ಯಾಕ ಬೇಕ್ರೀ?"

"ನಾನೂ ಅದನ್ನ ಅಂತಿದ್ದೆ ಸಾರ್," ಎಂದರು ಹರಿಕೃಷ್ಣ. ಅವರು ಎಂದೂ ಅಂದಿರಲಿಲ್ಲ.

ಜೂನ್‌ನಲ್ಲಿ ನೇಕಾರರ ಓಣಿಯಿಂದ ಹೊಸ ಮಕ್ಕಳು ಬಂದು ಒಂದನೆಯ ತರಗತಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತರು. ನರ್ಮದಾಳನ್ನು ಯಾರೂ ಕರೆಯಲಿಲ್ಲ.