ಬರಿಹೊಟ್ಟೆಯಲ್ಲಿ ಬರಲು ಹೇಳಿದ್ದರು

ಗ್ಯಾಸ್ ಎಂಬ ಕಾಯಿಲೆಗೆ ಮನೆಗೊಬ್ಬ ವೈದ್ಯ ಇದ್ದೇ ಇರುತ್ತಾನೆ. ಬೇಕರಿಯವನ ಮನೆಯಲ್ಲಿ ಆ ವೈದ್ಯ ಅವನೇ. ಹೊಟ್ಟೆ ಉರಿದರೆ ಒಂದು ಮಾತ್ರೆ, ಉಬ್ಬರಿಸಿದರೆ ಒಂದು ಲೋಟ ಬಿಸಿನೀರು, ಯಾರಾದರೂ ಕೇಳಿದರೆ ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ.

ಉರಿ ತಾಳಲಾಗದೆ ಒಮ್ಮೆ ಆಸ್ಪತ್ರೆಗೆ ಹೋಗಿದ್ದ. ಬಾಯಿಂದ ಕೊಳವೆ ಇಳಿಸಿ ನೋಡಿದ ಡಾಕ್ಟರು ಎರಡು ಮಾತು ಹೇಳಿದ್ದರು. ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡಿದೆ, ಅದಕ್ಕೆ ಔಷಧಿ ಇದೆ. ಜಠರದ ಒಳಪದರವೂ ಅಲ್ಲಲ್ಲಿ ಬದಲಾಗಿದೆ; ಅದು ಕ್ಯಾನ್ಸರ್ ಅಲ್ಲ, ಆದರೆ ಮುಂದೆ ಆ ಕಡೆಗೆ ತಿರುಗಬಹುದು, ಹೇಳಿದ ಹೊತ್ತಿಗೆ ಬಂದು ತೋರಿಸಿಕೊಳ್ಳಿ. ಔಷಧಿ ಮುಗಿಯಿತು, ಉರಿ ಹೋಯಿತು. ಜೊತೆಗೆ ಎರಡನೆಯ ಮಾತೂ ಹೋಯಿತು.

ಹೆಂಡತಿ ಮರೆತಿರಲಿಲ್ಲ. ಪರೀಕ್ಷೆಯ ದಿನ ಬರಿಹೊಟ್ಟೆಯಲ್ಲಿ ಹೊರಡಬೇಕಿತ್ತು. ಭಟ್ಟಿಯಿಂದ ಬ್ರೆಡ್ಡು ತೆಗೆದವನು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ. ರುಚಿ ನೋಡುವ ಅಭ್ಯಾಸ, ಕೈ ಮಾತು ಕೇಳಲಿಲ್ಲ ಎಂದ. ಪರೀಕ್ಷೆ ಮುಂದಕ್ಕೆ ಹೋಯಿತು. ಮುಂದಿನ ಸಲವೂ ಕೈ ಮಾತು ಕೇಳಲಿಲ್ಲ.

ಹೆಂಡತಿ ಜಗಳವಾಡದೆ ನಾದಿನಿಗೆ ಹೇಳಿಕಳಿಸಿದಳು. ಅವನ ತಂಗಿ ಅದೇ ಆಸ್ಪತ್ರೆಯಲ್ಲಿ ನರ್ಸು. ಬಂದವಳು ಹಿಟ್ಟಿನ ಮೂಟೆಯ ಮೇಲೆ ಕೂತು ಅಣ್ಣನ ನಾಲಿಗೆ ಚಪಲವನ್ನು ಸ್ವಲ್ಪ ಹೊತ್ತು ಆಡಿಕೊಂಡಳು. ಅವನ ಮುಖ ನೋಡಿ ತಮಾಷೆ ಬಿಟ್ಟಳು.

“ಅಣ್ಣಾ, ಕೈ ಮೇಲೆ ತಪ್ಪು ಹೊರಿಸ್ಬೇಡ. ನಿಂಗೆ ಭಯ, ಅಲ್ವಾ?”

ಅವನು ಮೇಜಿನ ಹಿಟ್ಟು ಒರೆಸುತ್ತಲೇ ಇದ್ದ.

“ನೋವಿಲ್ಲ, ಉರಿಯಿಲ್ಲ. ಹೋಗಿ ನೋಡಿಸ್ಕೊಂಡ್ಮೇಲೆ ಆ ಕಡೆಗೆ ತಿರುಗಿಬಿಟ್ಟಿದೆ ಅಂದ್ರೆ? ಗೊತ್ತಿಲ್ದೆ ಇದ್ರೆ ಒಂದಷ್ಟು ದಿನ ನೆಮ್ಮದಿಯಾಗಾದ್ರೂ ಇರ್ತೀನಿ.”

ಬಾಗಿಲಲ್ಲಿದ್ದ ಹೆಂಡತಿಯ ಕಣ್ಣು ತುಂಬಿದ್ದನ್ನು ಅವನು ಕಂಡ. ಹೆದರಿಕೆ ತನ್ನೊಬ್ಬನದೇ ಎಂದುಕೊಂಡಿದ್ದಕ್ಕೆ ನಾಚಿಕೆಯಾಯಿತು.

ತಂಗಿ ನಿಧಾನವಾಗಿ ಬಿಡಿಸಿ ಹೇಳಿದಳು. ಇಂಥ ಬದಲಾವಣೆ ಇರುವ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಆದರೆ ಯಾರಿಗೆ ತಿರುಗುತ್ತದೆಂದು ನೋವು ಮೊದಲೇ ಬಂದು ತಿಳಿಸುವುದಿಲ್ಲ, ಒಳಗೆ ನೋಡಿದರೇ ತಿಳಿಯುವುದು. ಪರೀಕ್ಷೆಗೆಂದು ಒಳಪದರದ ಚೂರು ತೆಗೆದರೆ ರೋಗ ಹರಡುತ್ತದೆ ಎಂದು ಜನ ಹೇಳುವುದೂ ಸುಳ್ಳು.

“ಶುರುವಲ್ಲೇ ಸಿಕ್ರೆ ಎಷ್ಟೋ ಸಲ ಕೊಳವೆಯಿಂದಾನೇ ತೆಗೆದುಬಿಡ್ತಾರೆ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಎತ್ತೋ ತನಕ ಕಾಯ್ತೀಯಾ?”

ಮುಂದಿನ ಸಲ ಅವನು ಬೇಕರಿಯ ಕಡೆ ತಲೆ ಹಾಕದೆ, ಮನೆಯಿಂದಲೇ ಹೆಂಡತಿಯ ಜೊತೆ ಹೊರಟ. ಹಿಂದೆ ಇಲ್ಲದ ಒಂದು ಸಣ್ಣ ಮಚ್ಚೆ ಸಿಕ್ಕಿತು. ಚೂರು ತೆಗೆದು ಪರೀಕ್ಷಿಸಿದಾಗ, ಕ್ಯಾನ್ಸರ್ ಆಗುವ ಮುಂಚಿನ ಹಂತ ಎಂದು ತಿಳಿಯಿತು. ಇನ್ನೊಂದು ದಿನ ಕರೆಸಿ, ಹೊಟ್ಟೆ ಕೊಯ್ಯದೆ ಕೊಳವೆಯಿಂದಲೇ ತೆಗೆದರು. ಇನ್ನೂ ತಡಮಾಡದೆ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಹೊರಗೆ ಬಂದು ಬೆಂಚಿನ ಮೇಲೆ ಕೂತವನಿಗೆ ಅಳು ತಡೆಯಲಾಗಲಿಲ್ಲ. ಆಮೇಲೆ ತಾನಾಗಿಯೇ ಒಳಗೆ ಹೋಗಿ, ಮತ್ತೆ ಯಾವಾಗ ಬರಬೇಕೆಂದು ಕೇಳಿಕೊಂಡು ಬಂದ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಜಠರದ ಒಳಪದರ ಬದಲಾಗಿದೆ ಎಂದು ಹೇಳಿದ್ದಾರೆಯೇ? ನೋವು ಹೋಯಿತೆಂದು ಸುಮ್ಮನಾಗಬೇಡಿ. ಎಷ್ಟು ಸಮಯಕ್ಕೊಮ್ಮೆ ನೋಡಿಸಬೇಕೆಂಬುದು ಒಬ್ಬೊಬ್ಬರಿಗೆ ಒಂದೊಂದು ಥರ, ಡಾಕ್ಟರನ್ನೇ ಕೇಳಿ. ಹತ್ತಿರದ ಸಂಬಂಧಿಕರಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಆಗಿದ್ದರೆ ಅದನ್ನೂ ತಿಳಿಸಿ. ಮಲ ಕಪ್ಪಗಾದರೆ, ರಕ್ತ ವಾಂತಿಯಾದರೆ, ಕಾರಣವಿಲ್ಲದೆ ತೂಕ ಇಳಿದರೆ ಡಾಕ್ಟರು ಕೊಟ್ಟ ದಿನಕ್ಕೆಂದು ಕಾಯದೆ ಕೂಡಲೇ ಹೋಗಿ. ಭಯವಾಗುತ್ತದೆಯೇ? ಆಗಲಿ. ಅದನ್ನೂ ಜೊತೆಗೇ ಕರೆದುಕೊಂಡು ಹೋಗಿ.