ಬಾಯಿಬಿಟ್ಟು ಹೇಳುವ ದರ್ಜಿ

ದರ್ಜಿಯ ಮನಸ್ಸು ಒಂದು ಕಡೆ ನಿಂತದ್ದೇ ಇಲ್ಲ. ಚಪ್ಪಲಿ ಅಂಗಡಿಯಲ್ಲೇ ಬಿಟ್ಟು ಬರಿಗಾಲಲ್ಲಿ ಮನೆಗೆ ಬರುವ ಆಸಾಮಿ. ಕತ್ತರಿ ಹುಡುಕುತ್ತ ಇಸ್ತ್ರಿಪೆಟ್ಟಿಗೆ ಮರೆತು ಯಾರದೋ ಪ್ಯಾಂಟು ಸುಟ್ಟ ದಿನ ಹೆಂಡತಿಯ ತಾಳ್ಮೆಯ ಕಟ್ಟೆ ಒಡೆಯಿತು.

"ಇನ್ಮೇಲೆ ಏನೇ ಮಾಡಿದ್ರೂ ಬಾಯಿಬಿಟ್ಟು ಹೇಳ್ಕೊಂಡೇ ಮಾಡಿ. ಆಗ ಮನಸ್ಸು ಅಲ್ಲೇ ಇರುತ್ತೆ," ಎಂದಳು.

ದರ್ಜಿ ಪಟ್ಟುಹಿಡಿದು ಅಭ್ಯಾಸ ಮಾಡಿದ. "ಸೂಜಿ ದಿಂಬಿಗೆ ಚುಚ್ಚಿದೆ. ಇಸ್ತ್ರಿ ಆರಿಸಿದೆ. ಕತ್ತರಿ ಮೊಳೆಗೆ ಹಾಕಿದೆ." ಬರಬರುತ್ತ ಅಂಗಡಿಯಲ್ಲಿ ಒಂದು ಗುಂಡಿಯೂ ಕಳೆಯದಂತಾಯಿತು; ಮನೆಗೆ ಹೊರಡುವಾಗ ಚಪ್ಪಲಿ ಮಾತ್ರ ಇನ್ನೂ ಮರೆಯುತ್ತಿದ್ದ. ಹೆಂಡತಿ ಹಿರಿಹಿರಿ ಹಿಗ್ಗಿ, ಊರುಗೋಲು ಹಿಡಿದ ತನ್ನಪ್ಪನನ್ನೇ ಕೋಟು ಹೊಲಿಸಲು ಕರೆತಂದಳು.

ಅಳಿಯ ಟೇಪು ಬಿಚ್ಚಿದ. "ಮಾವನವರ ಭುಜ ಅಳೆದೆ. ತೋಳು ಅಳೆದೆ. ಈಗ ಹೊಟ್ಟೆ. ಅಬ್ಬಬ್ಬಾ, ಟೇಪೇ ಸಾಲ್ತಿಲ್ಲ! ಇದನ್ನ ಮಾತ್ರ ಮಾವನವರ ಮುಂದೆ ಹೇಳಬಾರದು."

ಹೆಂಡತಿ ಹಣೆ ಚಚ್ಚಿಕೊಂಡಳು.

"ಮಾವನವರು ಊರುಗೋಲು ಎತ್ತಿದ್ರು," ಎಂದ ದರ್ಜಿ. ಅಭ್ಯಾಸಬಲ, ಬಾಯಿ ನಿಲ್ಲಲೊಲ್ಲದು. "ಟೇಪು ಕೊರಳಿಗೆ ಹಾಕ್ಕೊಂಡೆ. ಇಸ್ತ್ರಿ ಆರಿಸಿದೆ. ಚಪ್ಪಲಿ ಮೆಟ್ಟಿದೆ. ಈಗ ಓಡ್ತಿದೀನಿ."

ಜೀವಮಾನದಲ್ಲೇ ಮೊದಲ ಸಲ ಅವನು ಏನನ್ನೂ ಮರೆಯದೆ ಅಂಗಡಿ ಬಿಟ್ಟಿದ್ದ.